ಮೈಮುನಾಳ ಬಲಗೈ

ಹೋದ ತಿಂಗಳು ನನ್ನ ಮೊಣಕಾಲು ಚೀನಿಕಾಯಿಯ ಹಾಗೆ ಊದಿಕೊಂಡಿತು. ಮೊಮ್ಮಗಳು ಶ್ರಾವ್ಯ ಹೌಸ್‌ಸರ್ಜನ್ ಆಗಿರುವ ಆಸ್ಪತ್ರೆಗೇ ಹೋದೆ. ಹೆಸರಿಗೆ ಕಾಲು ತೋರಿಸಲು, ನಿಜಕ್ಕೆ ಬಿಳಿ ಕೋಟು ಹಾಕಿದ ಅವಳನ್ನು ನೋಡಲು. ಹಿಂದಿನ ದಿನ ಬೆಳಿಗ್ಗೆ ಅಲೆವೂರಿನ ನಮ್ಮ ಮನೆಯಿಂದ ಹೊರಟವಳು ಇನ್ನೂ ಅದೇ ಚೂಡಿದಾರದಲ್ಲಿದ್ದಳು. ಕಾಡಿಗೆ ಹಚ್ಚುವ ಹುಡುಗಿಯಲ್ಲ, ಆದರೂ ಕಣ್ಣಿನ ಕೆಳಗೆ ಕಾಡಿಗೆ ಹರಡಿದಷ್ಟು ಕಪ್ಪು. ನನ್ನ ಪಕ್ಕದ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಎದ್ದು ಹೋಗಿ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಡಾಕ್ಟ್ರೇ, ನಿಮ್ಮ ಕೈಗುಣ ದೊಡ್ಡದು. ಬೇರೆಯವರು ಚುಚ್ಚಿ ಚುಚ್ಚಿ ಸಿಗದ ನರ ನಿಮಗೆ ಒಂದೇ ಸಲಕ್ಕೆ ಸಿಕ್ಕಿತು. ಇನ್ನು ನಮ್ಮವರಿಗೆ ನೀವೇ ಚುಚ್ಚಬೇಕು. ಬೇರೆ ಯಾರೂ ಬೇಡ."

ಶ್ರಾವ್ಯ ನಕ್ಕಳು. ತುಟಿ ಮಾತ್ರ ನಕ್ಕಿತು. ಆ ನಗುವನ್ನು ನಾನು ಎಲ್ಲಿಯೋ ನೋಡಿದ್ದೆ. ಎಲ್ಲಿ ಎಂದು ನೆನಪಾಗುವ ಮೊದಲೇ ನನ್ನ ಬಾಯಿ ತೆರೆದಿತ್ತು.

"ಅಯ್ಯೋ, ಎಂತ ಕೈಗುಣ ಮಾರಾಯ್ತಿ! ಇವಳು ನೆಟ್ಟ ಬಸಳೆ ಇವತ್ತಿನವರೆಗೆ ಒಂದು ಚಿಗುರು ಬಿಟ್ಟಿಲ್ಲ. ಇವಳು ಹೆಪ್ಪು ಹಾಕಿದ ಹಾಲು ಮೊಸರಾದದ್ದನ್ನು ನಾನು ನೋಡಿಲ್ಲ. ಚುಚ್ಚುವುದು ಕಲಿತಿದ್ದಾಳೆ, ಚುಚ್ಚಿದ್ದಾಳೆ. ನಾಳೆ ಬೇರೆಯವರು ಬಂದ್ರೂ ಕೈ ನೀಡಿ, ಆಗ್ತದೆ."

ಹೆಂಗಸು ಕೈ ಬಿಟ್ಟಳು. ಶ್ರಾವ್ಯಳ ಮುಖ ಕೆಂಪಾಯಿತು. ಎರಡು ದಿನ ನನ್ನೊಡನೆ ಮಾತಿಲ್ಲ. ಆಮೇಲೆ ಚಹಾ ಕುಡಿಯುತ್ತ ಕೇಳಿದಳು: "ಎಲ್ಲರ ಎದುರು ನನ್ನ ಮಾನ ತೆಗೆದಿರಿ ಅಜ್ಜಿ. ಯಾರೋ ಒಬ್ಬರು ಒಂದು ಒಳ್ಳೆ ಮಾತು ಹೇಳಿದ್ರೆ ನಿಮಗೆ ಎಂತ ಹೊಟ್ಟೆಕಿಚ್ಚು?"

ಹೇಳಲು ಹೋದೆ, ಬರಲಿಲ್ಲ. ನನ್ನ ಬಾಯಿಗೆ ಅಭ್ಯಾಸ ಇರುವುದು ತಮಾಷೆ ಮಾತ್ರ. ಆದ್ದರಿಂದ ಅವಳೇ ಕಲಿಸಿಕೊಟ್ಟ ಫೋನಿನಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಕೇಳಿದ್ದು ಅವಳು. ಓದುವವರು ಯಾರೂ ಆಗಬಹುದು.

ಇಸವಿ ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು. ಉಡುಪಿಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದೆ. ಆ ಆಸ್ಪತ್ರೆ ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಕಾರ್ಕಳದಿಂದ ಬಂದ ವಾರಿಜ ಎಂಬ ನನಗೂ ಕಾಪುವಿನಿಂದ ಬಂದ ಮೈಮುನಾ ಎಂಬವಳಿಗೂ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಎರಡು ಮಂಚ, ನಡುವೆ ಒಂದು ಕಿಟಕಿ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ, ಅವಳ ಮಾತಿನ ಅರ್ಧ ರುಚಿ ಅಲ್ಲಿಯೇ ಹೋಯಿತು.

ಮೈಮುನಾಳ ತಂದೆ ಮೊಯ್ದಿನಬ್ಬ ಕಾಪು ಪೇಟೆಯಲ್ಲಿ ಒಣಮೀನು ಮಾರುತ್ತಿದ್ದರು. ಅವಳು ತಗಡಿನ ಪೆಟ್ಟಿಗೆ ತೆರೆದರೆ ಕೋಣೆಯೆಲ್ಲ ಒಣಸಿಗಡಿಯ ವಾಸನೆ.

"ನಿನ್ನ ಸೀರೆಗೆ ಸ್ವಲ್ಪ ತೆಂಗಿನಕಾಯಿ, ಸ್ವಲ್ಪ ಹುಳಿ ಹಾಕಿದ್ರೆ ಚಟ್ನಿ ಆಗ್ತದೆ ಮೈಮುನಾ," ಎಂದೆ ಮೊದಲ ದಿನವೇ.

"ನೀನು ಗಂಜಿ ಬಡಿಸಿಕೊಂಡು ಕೂತುಕೋ. ಸೀರೆ ಒಗೆದಾಗ ಕರೆಯುತ್ತೇನೆ," ಎಂದಳು. ಅಷ್ಟರಲ್ಲಿ ನಮ್ಮ ಸ್ನೇಹ ಆಗಿಹೋಗಿತ್ತು.

ಅವಳ ಜಾತಿಯ ಹುಡುಗಿಯರು ನರ್ಸಿಂಗಿಗೆ ಬರುತ್ತಿದ್ದ ಕಾಲವಲ್ಲ ಅದು. ಅವಳ ತಮ್ಮನೊಬ್ಬ ಗಂಟಲಮಾರಿಯಲ್ಲಿ ತೀರಿಹೋಗಿದ್ದ. ಇಂಜೆಕ್ಷನ್ ಕೊಡುವವರಿಲ್ಲದೆ ಹೋದ ಎಂಬ ಸಂಕಟ ತಂದೆಗೆ. ಮಗಳನ್ನು ಕಳಿಸುತ್ತೇನೆ ಎಂದಾಗ ಕೇರಿಯವರು ಅಂಗಡಿಗೆ ಬಂದು ಜಗಳಕ್ಕೆ ನಿಂತರಂತೆ. ಮೊಯ್ದಿನಬ್ಬ ಹೇಳಿದರಂತೆ: "ಆ ಕೆಲಸದಲ್ಲಿ ತಲೆಗೆ ಬಟ್ಟೆ ಉಂಟು. ಯಾರಾದ್ರೂ ಹೋಗಿ ನೋಡಿ ಬನ್ನಿ. ತಲೆ ಮುಚ್ಚಿಕೊಂಡೇ ಕೆಲಸ ಮಾಡುವುದು." ನರ್ಸಿನ ಕ್ಯಾಪ್ ಎಷ್ಟು ತಲೆ ಮುಚ್ಚುತ್ತದೆ ಎಂದು ನೋಡಿದವರಿಗೆ ಗೊತ್ತು. ಅಂಗೈಯಗಲದ ಬಟ್ಟೆ! ಆದರೆ ಆ ಅಂಗೈಯಗಲದ ಬಟ್ಟೆಯನ್ನು ಹಿಡಿದು ಅವರು ಇಡೀ ಕೇರಿಯನ್ನು ಎದುರಿಸಿದ್ದರು. ಅವಳ ಹಿಂದೆ ತಂಗಿ ನಫೀಸಾ ಕಾದಿದ್ದಳು. ಅಕ್ಕ ಕಲಿತು ಮುಗಿಸಿದರೆ ತಂಗಿಯೂ ಬರಬಹುದು. ಅಕ್ಕ ಅರ್ಧಕ್ಕೆ ಬಿಟ್ಟರೆ ಬಾಗಿಲು ಇಬ್ಬರಿಗೂ ಮುಚ್ಚಿದ ಹಾಗೆ. ಇದನ್ನು ಮೈಮುನಾ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಆ ಕ್ಯಾಪ್ ಸಿಕ್ಕಿದ ಹೊಸದರಲ್ಲಿ ಒಂದು ಫಜೀತಿಯಾಯಿತು. "ಗಂಜಿ ತಿಳಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿ ಹಾಕಿಕೊಂಡು ಬನ್ನಿ," ಎಂದು ಸಿಸ್ಟರ್ ಟ್ಯೂಟರ್ ಹೇಳಿದರು. ನಮಗೆ ಪಾಠ ಮಾಡುವ, ಡ್ಯೂಟಿ ಹಾಕುವ ಹಿರಿಯ ನರ್ಸ್ ಅವರು. ಕ್ಯಾಪಿನ ಹಾಗೆಯೇ ಅವರ ಮುಖವೂ ಮಡಿಕೆ ಬಿಡುತ್ತಿರಲಿಲ್ಲ. ಗಂಜಿ ಎಂದರೆ ನಮಗೆ ಗೊತ್ತಿದ್ದದ್ದು ಕೆಂಪಗಿನ ಕುಚ್ಚಲಕ್ಕಿ ಗಂಜಿ ಒಂದೇ. ಮೆಸ್ಸಿನಿಂದ ಪಾತ್ರೆ ತುಂಬ ತಂದು ಅದ್ದಿದೆವು. ಒಣಗಿದ ಮೇಲೆ ನೋಡಿದರೆ ಎರಡೂ ಕ್ಯಾಪ್ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದ್ದವು.

"ಇದೆಂತ? ಕ್ಯಾಪಾ, ಹಲಸಿನ ಹಪ್ಪಳವಾ?"

"ಸಿಸ್ಟರ್, ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ನಮ್ಮ ಮನೆಯಲ್ಲಿ ಮಾಡುವುದು ಮದುವೆಗೆ ಮಾತ್ರ," ಎಂದಳು ಮೈಮುನಾ.

"ಹಾಗಾದ್ರೆ ಯಾರದ್ದಾದ್ರೂ ಮದುವೆಗೆ ಹೋಗಿ ತಿಳಿ ತನ್ನಿ!"

ಆಸ್ಪತ್ರೆಯ ಹಿಂದೆ ಭಟ್ಟರೊಬ್ಬರ ಹೋಟೆಲಿತ್ತು. ಮಧ್ಯಾಹ್ನ ಬೆಳ್ತಿಗೆ ಅನ್ನ ಬಸಿದ ತಿಳಿಯನ್ನು ನಾನು ಅಲ್ಲಿಂದ ಗಿಟ್ಟಿಸಿಕೊಂಡು ಬರುತ್ತಿದ್ದೆ. "ಭಟ್ರೇ, ನಿಮ್ಮ ತಿಳಿಯಿಂದ ರೋಗಿಗಳು ಬದುಕುವುದು," ಎಂದರೆ ಸಾಕು, ಪಾತ್ರೆ ತುಂಬುತ್ತಿತ್ತು. ಆಮೇಲೆ ನಮ್ಮ ಕ್ಯಾಪಿನಷ್ಟು ಬೆಳ್ಳಗಿನ ಕ್ಯಾಪ್ ಇಡೀ ಹಾಸ್ಟೆಲಿನಲ್ಲಿ ಇರಲಿಲ್ಲ.

ಹೀಗೆ ನಗುನಗುತ್ತ ಇದ್ದವರ ಮೇಲೆ ಆ ವರ್ಷದ ಮಳೆಗಾಲ ಬಿತ್ತು.

ಮಳೆಯನ್ನು ಉಡುಪಿಯವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯೊಳಗಿನ ಮಳೆಗಾಲ ಬೇರೆ. ಒಗೆದ ಬ್ಯಾಂಡೇಜು ಒಣಗುವುದಿಲ್ಲ. ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳು, ಕೆಳಗೆ ಚಾಪೆಯಲ್ಲಿ ಮತ್ತೆ ಮಕ್ಕಳು. ದಡಾರ, ನಾಯಿಕೆಮ್ಮು, ವಾಂತಿಭೇದಿ, ಗಂಟಲಮಾರಿ. ಕಲಿತ ನರ್ಸುಗಳಲ್ಲಿ ಕೆಲವರು ಅದೇ ವರ್ಷ ಗಲ್ಫಿಗೆ ಹೋಗಿದ್ದರು. ಅವರ ಜಾಗದಲ್ಲಿ ಯಾರು? ಕಲಿಯಲು ಬಂದ ನಾವು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು, ಸಂಜೆ ಮತ್ತೆ ವಾರ್ಡು. ಕ್ಲಾಸಿನಲ್ಲಿ ನಾನು ಕಣ್ಣು ತೆರೆದುಕೊಂಡು ನಿದ್ದೆ ಮಾಡುವುದನ್ನು ಕಲಿತೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇದ್ದಿದ್ದರೆ ನಾನೇ ಮೊದಲು.

ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಕಾರ್ಕಳದ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಗಂಟಲಮಾರಿ. ಮಗುವಿನ ಕುತ್ತಿಗೆ ಊದಿ, ಉಸಿರು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್‌ಗಳನ್ನೆಲ್ಲ ಮೈಮುನಾ ಕೊಟ್ಟಳು. ತನ್ನ ತಮ್ಮನಿಗೇ ಕೊಡುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ಅವಳ ಕೈಯೂ ಹಾಗೆಯೇ ಇತ್ತು, ಸೂಜಿ ಹೋದದ್ದೇ ಮಗುವಿಗೆ ತಿಳಿಯುತ್ತಿರಲಿಲ್ಲ. ಹುಡುಗ ಬದುಕಿದ. ಮನೆಗೆ ಹೋಗುವ ದಿನ ಅಜ್ಜಿ ವಾರ್ಡಿನ ನಡುವೆ ನಿಂತು ಮೈಮುನಾಳ ಬಲಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ನೋಡಿ ಮಕ್ಕಳೇ, ಕೈಗುಣ ಅಂದ್ರೆ ಇದು. ಡಾಕ್ಟ್ರು ಬರೆದ ಮದ್ದು ಎಲ್ಲರಿಗೂ ಒಂದೇ. ಹಿಡಿದದ್ದು ಈ ಕೈಯಿಂದ."

ನಮ್ಮ ಊರಿನಲ್ಲಿ ಕೈಗುಣ ಎಂದರೆ ಸಣ್ಣ ಮಾತಲ್ಲ. ಯಾರ ಕೈಯಲ್ಲಿ ಬಸಳೆ ನೆಡಿಸಬೇಕು, ಯಾರ ಕೈಯಲ್ಲಿ ಮಗುವಿಗೆ ಮೊದಲ ಅನ್ನ ತಿನ್ನಿಸಬೇಕು, ಎಲ್ಲಕ್ಕೂ ಲೆಕ್ಕ ಉಂಟು. ಅಜ್ಜಿ ಬಸ್ಸಿನಲ್ಲಿ ಹೇಳುತ್ತ ಹೋಗಿರಬೇಕು. ಹದಿನೈದು ದಿನದಲ್ಲಿ ಕಾರ್ಕಳದ ಬಸ್ಸಿನಿಂದ ಇಳಿದವರು ಗೇಟಿನಲ್ಲಿಯೇ ಕೇಳತೊಡಗಿದರು, "ಕೈಗುಣದ ನರ್ಸಮ್ಮ ಯಾವ ವಾರ್ಡಿನಲ್ಲಿದ್ದಾರೆ?"

ಮೊದಮೊದಲು ಎಷ್ಟು ಖುಷಿ ಅವಳಿಗೆ! ಸುದ್ದಿ ಕಾಪುವಿಗೂ ಮುಟ್ಟಿತು. ಜಗಳಕ್ಕೆ ಬಂದಿದ್ದವರೇ ಅಂಗಡಿಗೆ ಬಂದು, "ನಿನ್ನ ಮಗಳ ಕೈಗುಣ ಭಾರೀ ಅಂತಲ್ಲ ಮೊಯ್ದಿನಬ್ಬ," ಎಂದರಂತೆ. ತಂದೆ ಆ ವಾರ ನಮ್ಮಿಬ್ಬರಿಗೂ ಸಾಲುವಷ್ಟು ಹುರಿದ ಸಿಗಡಿ ಕಟ್ಟಿಕೊಂಡು ಬಂದರು. ನಾನು ಮೈಮುನಾಳ ಎದುರು ನನ್ನ ತಲೆ ಬಗ್ಗಿಸಿ, "ಇಲ್ಲಿಯೂ ಸ್ವಲ್ಪ ಮುಟ್ಟು ಮಾರಾಯ್ತಿ, ಫಿಸಿಯಾಲಜಿ ಹತ್ತುವುದಿಲ್ಲ," ಎಂದೆ. ಅವಳು ತಲೆಗೆ ಒಂದು ಕುಟ್ಟಿದಳು.

ಆದರೆ ಒಳ್ಳೆಯ ಎತ್ತಿಗೇ ನೊಗ ಹೆಚ್ಚು. ತಾಯಂದಿರು ಅವಳನ್ನೇ ಕೇಳುತ್ತಾರೆ, ಅವಳಿದ್ದರೆ ವಾರ್ಡು ಶಾಂತ ಎಂದು ಸಿಸ್ಟರ್ ಟ್ಯೂಟರ್ ಅವಳನ್ನು ಮಕ್ಕಳ ವಾರ್ಡಿನಿಂದ ತೆಗೆಯಲೇ ಇಲ್ಲ. ನಾವೆಲ್ಲ ಹೆರಿಗೆ, ಆಪರೇಷನ್ ಎಂದು ಸುತ್ತುತ್ತಿದ್ದೆವು. ಅವಳು ಅಲ್ಲಿಯೇ. ರಜೆಯ ದಿನವೂ ಯಾರೋ ಹಾಸ್ಟೆಲಿನ ಬಾಗಿಲಿಗೆ ಬರುತ್ತಿದ್ದರು. "ಒಂದು ಇಂಜೆಕ್ಷನ್ ಮಾತ್ರ ತಂಗೀ. ಮಗು ಬೇರೆಯವರಿಗೆ ಚುಚ್ಚಲು ಬಿಡುವುದಿಲ್ಲ." ಅವಳು ಊಟದ ಬಟ್ಟಲನ್ನು ಮುಚ್ಚಿಟ್ಟು ಎದ್ದು ಹೋಗುತ್ತಿದ್ದಳು. ತಿರುಗಿ ಬಂದಾಗ ಗಂಜಿ ತಣ್ಣಗಾಗಿ ಪದರ ಕಟ್ಟಿರುತ್ತಿತ್ತು.

ಆಟಿ ತಿಂಗಳು ಬಂತು. ಮಳೆ ಮುಗಿಯದ, ಮನೆಯ ಅಕ್ಕಿ ಮುಗಿದ ತಿಂಗಳು. ಹೊಟ್ಟೆಗಿಲ್ಲದ ಮಕ್ಕಳು ಬಂದವು. ಮೊದಲು ಮನೆಮದ್ದು, ಆಮೇಲೆ ಮಂತ್ರಿಸಿದ ನೂಲು ಕಟ್ಟಿಸಿ, ಹೊಳೆ ಇಳಿಯುವವರೆಗೆ ಕಾದು ಬಂದ ಮಕ್ಕಳು. ಡಾಕ್ಟರು ನೋಡಿ ಸುಮ್ಮನೆ ಸ್ಟೆತಸ್ಕೋಪ್ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ಆದರೂ ತಾಯಂದಿರು ಮೈಮುನಾಳನ್ನೇ ಕರೆಯುತ್ತಿದ್ದರು. ಅವಳು ಮುಟ್ಟುತ್ತಿದ್ದಳು. ಮಗು ಹೋಗುತ್ತಿತ್ತು. ಇನ್ನೊಂದು ಬರುತ್ತಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಒಬ್ಬ ತಾಯಿ ಮಗುವಿನ ಕಾಲನ್ನು ಹಿಡಿದುಕೊಂಡೇ ಅವಳನ್ನು ಸಮಾಧಾನ ಮಾಡಿದಳು.

"ನೀನು ಅಳಬೇಡ ತಂಗೀ. ನಿನ್ನ ಕೈ ಮುಟ್ಟಿದ ಮೇಲೂ ಹೋಯಿತು ಅಂದ್ರೆ ಅದರ ಋಣ ಅಷ್ಟೇ."

ಮೈಮುನಾ ಅಳುತ್ತಿರಲಿಲ್ಲ. ಆ ತಿಂಗಳು ನನ್ನ ಸರದಿಯೂ ಮಕ್ಕಳ ವಾರ್ಡಿನಲ್ಲಿ, ಪಕ್ಕದಲ್ಲಿಯೇ ಇದ್ದೆ. ನನ್ನ ಕಣ್ಣಲ್ಲಿ ನೀರಿತ್ತು, ಅವಳದ್ದು ಒಣಗಿತ್ತು. ಆ ಮಾತು ಕೇಳಿ ಅವಳು ತನ್ನ ಕೈಯನ್ನೊಮ್ಮೆ ತಿರುಗಿಸಿ ನೋಡಿದಳು, ಅಷ್ಟೇ.

ತೀರಿದ ಮಗುವನ್ನು ತೊಳೆದು, ಬಟ್ಟೆ ಸುತ್ತಿ, ಮನೆಯವರ ಕೈಗೆ ಕೊಡುವುದು ಕಲಿಯುವವರ ಕೆಲಸ. ಮೊದಲ ಸಲ ಮಾಡಿದಾಗ ನಾವಿಬ್ಬರೂ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆವು. ಆ ಆಟಿಯ ಒಂದು ಮಧ್ಯಾಹ್ನ ಮತ್ತೆ ನಮ್ಮಿಬ್ಬರಿಗೇ ಬಂತು. ಎರಡು ವರ್ಷದ ಹೆಣ್ಣುಮಗು, ಕಾಲಿನಲ್ಲಿ ಬೆಳ್ಳಿಯ ತೆಳು ಗೆಜ್ಜೆ. ಮೈಮುನಾ ಅದರ ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿದಳು. ಕೂದಲು ಬಾಚಿದಳು. ಬಟ್ಟೆಯ ಕೊನೆಯ ಗಂಟು ಹಾಕುತ್ತ ನನ್ನ ಕಡೆ ನೋಡದೆ ಕೇಳಿದಳು:

"ಇವತ್ತು ಮೆಸ್ಸಿನಲ್ಲಿ ಎಂತ ಪದಾರ್ಥ?"

ನಾನು ಸೌತೆಕಾಯಿ ಹುಳಿ ಎಂದೆನೋ ಏನೋ. ಅವಳ ದನಿಯಲ್ಲಿ ಹಸಿವೂ ಇರಲಿಲ್ಲ, ಕ್ರೌರ್ಯವೂ ಇರಲಿಲ್ಲ. ಯಾರೂ ಇಲ್ಲದ ಮನೆಯ ಒಳಗಿನಿಂದ ಮಾತು ಬಂದ ಹಾಗಿತ್ತು.

ಅಲ್ಲಿಂದ ನಾನು ಅವಳನ್ನು ಗಮನಿಸತೊಡಗಿದೆ. ನಗಿಸಲು ನೋಡುತ್ತಿದ್ದೆ. ಸಿಸ್ಟರ್ ಟ್ಯೂಟರ್ ನಡೆಯುವ ಹಾಗೆ ನಡೆದು ತೋರಿಸಿದೆ. ಮೊದಲಾದರೆ ಬಿದ್ದು ಬಿದ್ದು ನಗುತ್ತಿದ್ದವಳು ಈಗ ತುಟಿ ಮಾತ್ರ ಅಗಲಿಸಿದಳು. ಬಟ್ಟೆಯ ಕಪಾಟಿಗೆ ಹಣೆ ಒರಗಿಸಿ ನಿಂತಲ್ಲಿಯೇ ನಿದ್ದೆ ಮಾಡುತ್ತಿದ್ದಳು, ಹಾಸಿಗೆಯಲ್ಲಿ ಮಲಗಿದರೆ ನಿದ್ದೆ ಇಲ್ಲ. ಕೈ ತೊಳೆಯುತ್ತಿದ್ದಳು, ಒರೆಸಿ ಮತ್ತೆ ತೊಳೆಯುತ್ತಿದ್ದಳು. ಬೆರಳ ಗೆಣ್ಣುಗಳಲ್ಲಿ ಚರ್ಮ ಒಡೆದಿತ್ತು. ನಮಾಜಿಗೆ ಕೂತರೆ ಏಳುವುದನ್ನು ಮರೆಯುತ್ತಿದ್ದಳು.

"ಮನೆಗೆ ಹೋಗಿ ಬಾ ಮಾರಾಯ್ತಿ ನಾಲ್ಕು ದಿನ," ಎಂದೆ.

"ಹೋದ್ರೆ ಎಂತ ಹೇಳುವುದು? ಬಾಪ ನನ್ನ ಕೈಗುಣದ ಮಾತಾಡುತ್ತಾ ಅಂಗಡಿಯಲ್ಲಿ ಕೂತಿದ್ದಾರೆ. ನಫೀಸಾಳ ಅರ್ಜಿ ಹಾಕುವ ವರ್ಷ." ಒಡೆದ ಗೆಣ್ಣುಗಳನ್ನು ಉಜ್ಜುತ್ತ ಹೇಳಿದಳು: "ವಾರಿಜ, ನನಗೆ ಆ ಮಕ್ಕಳ ಮುಖ ನೆನಪಾಗುವುದಿಲ್ಲ. ಒಂದರದ್ದೂ. ಕೈಯಲ್ಲಿ ಮಾತ್ರ ಭಾರ ಉಂಟು."

ನಾನು ಸಿಸ್ಟರ್ ಟ್ಯೂಟರ್ ಬಳಿಗೆ ಹೋದೆ.

"ಸಿಸ್ಟರ್, ಮೈಮುನಾ ಸರಿ ಇಲ್ಲ."

"ಜ್ವರ ಉಂಟಾ?"

"ಇಲ್ಲ."

"ಡ್ಯೂಟಿ ತಪ್ಪಿಸಿದ್ದಾಳಾ?"

"ಒಂದು ದಿನವೂ ಇಲ್ಲ."

"ಮತ್ತೆ ಎಂತ ಸರಿ ಇಲ್ಲದ್ದು?"

"ಅವಳು ನಗುವುದಿಲ್ಲ ಸಿಸ್ಟರ್."

"ನೀನು ಇಬ್ಬರದ್ದೂ ನಗುತ್ತೀಯಲ್ಲ, ಸಾಕು." ಹಾಗೆಂದವರು ನನ್ನ ಮುಖ ನೋಡಿ ದನಿ ಇಳಿಸಿದರು. "ಎಲ್ಲರಿಗೂ ಆಗ್ತದೆ ವಾರಿಜ. ನನಗೂ ಆಗಿತ್ತು. ಬರ್ತದೆ, ಹೋಗ್ತದೆ. ಯಾರನ್ನು ಹಾಕಲಿ ಹೇಳು ಅವಳ ಬದಲಿಗೆ? ಟಾನಿಕ್ ಕುಡಿಯಲಿ."

ಟಾನಿಕ್ ಸೀಸೆ ಅವರ ಮೇಜಿನ ಮೇಲೆಯೇ ಇತ್ತು. ಅರ್ಧ ಖಾಲಿಯಾಗಿತ್ತು. ಅವರದ್ದೇ. ಆಗ ಅದು ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಈಗ ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಹೆಸರುಂಟು ಎಂದು ಶ್ರಾವ್ಯ ಹೇಳುತ್ತಾಳೆ. ಆಗ ನಮ್ಮಲ್ಲಿ ಇದ್ದದ್ದು ಬೇರೆ ಹೆಸರುಗಳು. ಡಾಕ್ಟರು ವೀಕ್‌ನೆಸ್ ಎಂದರು. ಸಿಗಡಿ ತಂದ ಬಾಪ ದೃಷ್ಟಿ ತಾಗಿದೆ ಎಂದು ನೂಲು ಕಟ್ಟಿಸಿದರು. ಹಾಸ್ಟೆಲಿನ ಹುಡುಗಿಯರು ಕೈಗುಣದ ಜಂಬ ಎಂದರು. ಎಲ್ಲರೂ ಏನೋ ಒಂದನ್ನು ಹೇಳಿ ತಮ್ಮ ಕೆಲಸಕ್ಕೆ ಹೋದರು. ಹೋಗದೆ ಯಾರಿಗೂ ನಿರ್ವಾಹವಿರಲಿಲ್ಲ, ವಾರ್ಡು ತುಂಬಿತ್ತು.

ಆಗಿನ ಸಿರಿಂಜುಗಳು ಗಾಜಿನವು. ಒಮ್ಮೆ ಬಳಸಿದ್ದನ್ನು ತೊಳೆದು, ತಗಡಿನ ಪೆಟ್ಟಿಗೆಯಲ್ಲಿ ನೀರು ಹಾಕಿ ಕುದಿಸಿ, ಉದ್ದದ ಇಕ್ಕಳದಿಂದ ಒಂದೊಂದೇ ಎತ್ತಬೇಕು. ಇಂಜೆಕ್ಷನ್ ಕೋಣೆಯಲ್ಲಿ ಯಾವಾಗಲೂ ಸೀಮೆಎಣ್ಣೆ ಒಲೆಯ ವಾಸನೆ, ಕೊತಕೊತ ಶಬ್ದ. ಆಟಿ ಮುಗಿಯುತ್ತ ಬಂದ ಒಂದು ದಿನ ಬೆಳಿಗ್ಗೆ ನಾನು ಹತ್ತಿ ತರಲು ಅಲ್ಲಿಗೆ ಹೋದೆ. ಮೈಮುನಾ ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತಿದ್ದಳು. ಹಬೆಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. ಇಕ್ಕಳ ಪಕ್ಕದಲ್ಲಿಯೇ ಇತ್ತು. ಅವಳು ಬಲಗೈಯನ್ನು ಕುದಿಯುವ ನೀರಿಗೆ ಇಳಿಸಿ ಒಂದು ಸಿರಿಂಜನ್ನು ಎತ್ತಿದಳು. ಬಟ್ಟೆಯ ಮೇಲೆ ಇಟ್ಟಳು. ಎರಡನೆಯದಕ್ಕೆ ಮತ್ತೆ ಕೈ ಇಳಿಸಿದಳು.

ನಾನು ಕಿರುಚಿದೆ. ಅವಳು ಕಿರುಚಲಿಲ್ಲ.

ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದೆ. ಬೆರಳುಗಳು ಕೆಂಪಾಗಿ, ಬಿಳಿಯಾಗಿ, ಗುಳ್ಳೆ ಏಳುವುದನ್ನು ಇಬ್ಬರೂ ನೋಡುತ್ತ ನಿಂತೆವು. ಬೇರೆ ಯಾರದ್ದೋ ಕೈ ನೋಡುವ ಹಾಗೆ ನೋಡುತ್ತಿದ್ದಳು.

"ಮೈಮುನಾ, ಉರಿಯುವುದಿಲ್ಲವಾ?"

"ಉರಿಯಬೇಕು ಅಲ್ವಾ?" ಎಂದಳು. ನಿಜವಾಗಿಯೂ ಕೇಳುತ್ತಿದ್ದಳು.

ಉರಿ ಮಧ್ಯಾಹ್ನ ಶುರುವಾಯಿತು. ಆಗ ಅತ್ತಳು. ಆ ಅಳು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು ಎಂದರೆ ನಂಬುತ್ತೀರಾ? ಸಿಸ್ಟರ್ ಟ್ಯೂಟರ್ ಬಂದು ತಾವೇ ಕೂತು ಬ್ಯಾಂಡೇಜು ಕಟ್ಟಿದರು. ಆದರೆ ಮೇಲಿನವರ ತೀರ್ಮಾನ ಬಂದದ್ದು ಅಜಾಗರೂಕತೆ ಎಂದು. ಮನೆಗೆ ಹೋಗಬಹುದು, ತಪ್ಪಿದ ದಿನಗಳ ಡ್ಯೂಟಿಯನ್ನು ಆಮೇಲೆ ಮಾಡಿ ತೀರಿಸಬೇಕು.

ಮರುದಿನ ಬಾಪ ಬಂದರು. ಛತ್ರಿಯನ್ನು ಮಗಳ ತಲೆಗೆ ಹಿಡಿದು ತಾವು ನೆನೆಯುತ್ತ ಅಂಗಳ ದಾಟುತ್ತಿದ್ದರು. ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಆಗ ಮಕ್ಕಳ ವಾರ್ಡಿನಿಂದ ಒಬ್ಬ ಹೆಂಗಸು ಮಳೆಯಲ್ಲಿಯೇ ಓಡಿ ಬಂದಳು. ಹೆಗಲ ಮೇಲೆ ಕೂಸು.

"ನರ್ಸಮ್ಮ, ಹೋಗ್ತಿದ್ದೀರಾ? ಇದಕ್ಕೆ ಇವತ್ತು ಇಂಜೆಕ್ಷನ್ ಉಂಟು. ಚುಚ್ಚುವುದು ಬೇಡ, ಸುಮ್ಮನೆ ಒಂದು ಸಲ ಮುಟ್ಟಿ ಹೋಗಿ. ಆ ಕೈ ಆಗದಿದ್ರೆ ಈ ಕೈಯಾದ್ರೂ ಸಾಕು."

ಮೈಮುನಾ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಆ ಮಳೆಗಾಲವಿಡೀ ಯಾರಿಗೂ ಇಲ್ಲ ಎನ್ನದವಳು ತಲೆ ಅಲ್ಲಾಡಿಸಿ, ಇಲ್ಲ, ಎಂದಳು. ಗಟ್ಟಿಯಾಗಿ ಅಲ್ಲ. ಮಳೆಯಲ್ಲಿ ಅದು ಆ ಹೆಂಗಸಿಗೆ ಕೇಳಿಸಿತೋ ಇಲ್ಲವೋ. ಅವಳು ಕೂಸನ್ನು ಇನ್ನೂ ಮುಂದೆ ನೀಡಿಕೊಂಡೇ ನಿಂತಿದ್ದಳು. ಬಾಪ ಮಗಳ ಭುಜ ಹಿಡಿದು ಗೇಟು ದಾಟಿಸಿದರು.

ಆ ಕೂಸು ಬದುಕಿತು. ಸಾಧಾರಣ ಇಂಜೆಕ್ಷನ್, ನನ್ನ ಸಾಧಾರಣ ಕೈ. ಇದನ್ನು ಅವಳಿಗೆ ಹೇಳಿಬಿಡಬೇಕು ಎಂದು ನಾನು ಕಾಯುತ್ತಿದ್ದೆ.

ಚೌತಿ ಕಳೆದು ಬಿಸಿಲು ಬಂದ ಮೇಲೆ ಒಂದು ರಜೆಯ ದಿನ ಕಾಪುವಿಗೆ ಹೋದೆ. ಅವಳ ಕ್ಯಾಪನ್ನು ಭಟ್ಟರ ಬೆಳ್ತಿಗೆ ತಿಳಿಯಲ್ಲಿ ಅದ್ದಿ, ಇಸ್ತ್ರಿ ಮಾಡಿ, ಮಡಿಕೆ ಮುರಿಯದ ಹಾಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅಂಗಳದಲ್ಲಿ ಚಾಪೆ ಹಾಸಿ ಮೀನು ಒಣಗಿಸಿದ್ದರು. ಮೈಮುನಾ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದಳು. ಮುಖ ಸ್ವಲ್ಪ ತುಂಬಿಕೊಂಡಿತ್ತು.

"ಪ್ರಮೋಷನ್ ಆಯಿತಾ? ಕಾಗೆ ವಾರ್ಡಿನ ಇನ್‌ಚಾರ್ಜ್?" ಎಂದೆ.

ನಕ್ಕಳು. ಕಣ್ಣೂ ಸ್ವಲ್ಪ ನಕ್ಕಿತು. ಗಾಯ ಒಣಗಿ ಹೊಸ ಚರ್ಮ ಬಂದಿತ್ತು, ಸುಲಿದ ಸಿಗಡಿಯ ಬಣ್ಣ. ನಾನು ಆ ಕೂಸಿನ ಸುದ್ದಿ ಹೇಳಿದೆ. "ನೀನು ಮುಟ್ಟದೆಯೂ ಬದುಕಿತು ನೋಡು. ಕೈಗುಣ ಇಲ್ಲ, ಮಣ್ಣೂ ಇಲ್ಲ. ಬಾ ಮಾರಾಯ್ತಿ."

ಅವಳು ಕೋಲಿನಿಂದ ನೆಲದಲ್ಲಿ ಒಂದು ಗೀರು ಹಾಕಿದಳು.

"ಒಳ್ಳೆಯದಾಯಿತು. ನಾನು ಮುಟ್ಟಲಿಲ್ಲ, ಬದುಕಿತು," ಎಂದಳು.

ನಾನು ಹೇಳಿದ್ದೇನು, ಅವಳು ಕೇಳಿಸಿಕೊಂಡದ್ದೇನು! ಅಲ್ಲ, ಹಾಗಲ್ಲ ಎಂದು ಏನೇನೋ ಹೇಳಿದೆ. ಅವಳು ತಲೆ ಆಡಿಸುತ್ತಲೇ ಇದ್ದಳು, ದೊಡ್ಡವರು ಮಕ್ಕಳ ಮಾತಿಗೆ ಆಡಿಸುವ ಹಾಗೆ.

ಹೊರಡುವಾಗ ಬಾಪ ಡಬ್ಬಿ ತೆರೆದು ಕ್ಯಾಪನ್ನು ನೋಡಿದರು. ಬೆಳ್ಳಗೆ, ಕಾಗದದ ದೋಣಿಯ ಹಾಗೆ ಕೂತಿತ್ತು. ಮುಟ್ಟಲಿಲ್ಲ, ಮುಚ್ಚಳ ಹಾಕಿ ನನಗೇ ಕೊಟ್ಟರು.

"ತಲೆ ಮುಚ್ಚುತ್ತದೆ ಅಂತ ಹೇಳಿ ಕಳಿಸಿದೆ ಮಗಳೇ. ಕೈಗೆ ಎಂತದಾದ್ರೂ ಉಂಟಾ ಅಂತ ಕೇಳಲಿಲ್ಲ ನಾನು. ಸಣ್ಣವಳನ್ನು ಕಳಿಸುವುದಿಲ್ಲ."

ನಫೀಸಾ ಬಾಗಿಲ ಹಿಂದೆ ನಿಂತ ನೆರಳು ಕಾಣಿಸುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ನಾನು ಕಲಿತು ಮುಗಿಸಿದೆ. ಮಂದ ಬುದ್ಧಿಯವರಿಗೆ ಕೆಲವು ಅನುಕೂಲಗಳುಂಟು, ಯಾರೂ ನಮ್ಮ ಕೈ ಹಿಡಿದು ವಾರ್ಡಿಗೆಲ್ಲ ತೋರಿಸುವುದಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಅವಳೇ ಶ್ರಾವ್ಯಳ ಅಮ್ಮ. ಎಂಬತ್ತೆರಡರ ಹೊತ್ತಿಗೆ ಆ ಎಳೆ ಕೂಸನ್ನು ಎತ್ತಿಕೊಂಡು ಮತ್ತೆ ಕಾಪುವಿಗೆ ಹೋದೆ. ಮೈಮುನಾಳಿಗೂ ಮದುವೆಯಾಗಿತ್ತು. ಗಂಡ ಗಲ್ಫಿನಲ್ಲಿ. ಮಕ್ಕಳು ಆಗ ಇನ್ನೂ ಆಗಿರಲಿಲ್ಲ. ನನಗೆ ಚಹಾ ಮಾಡಿಕೊಟ್ಟಳು, ಹಳೆಯ ಹಾಗೆಯೇ ಬೈದಳು, ನಾನು ದಪ್ಪಗಾದದ್ದಕ್ಕೆ ನಕ್ಕಳು. ಕೂಸನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

"ಎತ್ತಿಕೋ ಮಾರಾಯ್ತಿ, ನನ್ನ ಸೊಂಟ ಬಿದ್ದುಹೋಯಿತು," ಎಂದು ನಾನೇ ಅವಳ ಮಡಿಲಿಗೆ ಹಾಕಿದೆ.

ಅವಳು ಗಾಬರಿಯಿಂದ ಬಲಗೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಎಡಗೈ ತಂದು ಕೂಸಿನ ತಲೆಯ ಮೇಲೆ ಇಟ್ಟಳು. ಎಡಗೈಯಲ್ಲಿ ಕೂಸಿನ ತಲೆ ಮುಟ್ಟುತ್ತಾರೆಯೇ? ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲಿಯೇ ಬಾಯಿ ಹಾಕುತ್ತಿದ್ದೆ. ಅವಳಿಗೂ ಅದು ಗೊತ್ತು. ನನ್ನ ಮುಖ ನೋಡಿ ಹೇಳಿದಳು:

"ತಪ್ಪು ತಿಳಿಯಬೇಡ ವಾರಿಜ. ಈ ಕೈ ಯಾವ ಮಗುವನ್ನೂ ಕಳಿಸಿಲ್ಲ. ಇದನ್ನು ನಾನು ತೆಗೆದಿಟ್ಟಿದ್ದೇನೆ."

ಕೂಸು ಅವಳ ಎಡಗೈಯ ಕಿರುಬೆರಳನ್ನು ಹಿಡಿದುಕೊಂಡು ನಿದ್ದೆ ಹೋಯಿತು. ಬಸ್ಸಿನ ಹೊತ್ತಾದರೂ ಅವಳು ಬೆರಳು ಬಿಡಿಸಲಿಲ್ಲ, ನಾನೂ ಬಿಡಿಸು ಎನ್ನಲಿಲ್ಲ.

ಮೈಮುನಾ ಈಗ ಇಲ್ಲ. ಕೊನೆಯವರೆಗೂ ಕೇರಿಯ ಯಾವ ಕೂಸನ್ನೂ ಬಲಗೈಯಲ್ಲಿ ಮುಟ್ಟಲಿಲ್ಲ ಎಂದು ನಫೀಸಾ ಹೇಳಿದಳು. ತನ್ನ ಮಕ್ಕಳು ಹುಟ್ಟಿದ ಮೇಲೂ ಅವರಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದದ್ದು ಎಡಗೈಯಲ್ಲಿಯೇ ಅಂತೆ.

ಈ ಸಾಲು ಒತ್ತುತ್ತಿರುವಾಗ ಸಂಜೆಯಾಗಿದೆ. ಶ್ರಾವ್ಯ ಸ್ವಲ್ಪ ಹೊತ್ತಿನ ಹಿಂದೆ ಬಂದಳು. ಬ್ಯಾಗು ಬಿಸಾಡಿ, ಶೂ ಸಹ ಬಿಚ್ಚದೆ ನನ್ನ ಮಂಚದಲ್ಲಿ ಅಡ್ಡ ಬಿದ್ದು ನಿದ್ದೆ ಹೋಗಿದ್ದಾಳೆ. ಊಟಕ್ಕೆ ಎಬ್ಬಿಸಬೇಕೆಂದು ಅವಳ ಅಮ್ಮ ಎರಡು ಸಲ ಬಂದಳು, ನಾನು ಗದರಿಸಿ ಕಳಿಸಿದೆ. ನಿದ್ದೆಯಲ್ಲಿದ್ದಾಳಲ್ಲ, ಗೊತ್ತಾಗುವುದಿಲ್ಲ ಎಂದು ಅವಳ ಬಲಗೈಯನ್ನು ಬಗ್ಗಿ ನೋಡಿದೆ. ಮಂಚದಿಂದ ಕೆಳಗೆ ತೂಗುತ್ತಿದೆ. ಬಾಲ್‌ಪೆನ್ನಿನ ಮಸಿ, ಕಚ್ಚಿ ಕಚ್ಚಿ ಮೊಂಡಾದ ಉಗುರು, ಮಣಿಕಟ್ಟಿನಲ್ಲಿ ಗಡಿಯಾರದ ಗುರುತು. ಬಸಳೆ ಚಿಗುರಿಸಲು ಬಾರದ, ಹಾಲಿಗೆ ಹೆಪ್ಪು ಹಾಕಲು ಬಾರದ, ಬರೀ ಒಂದು ಕೈ. ಎತ್ತಿ ಮೆಲ್ಲಗೆ ಹೊದಿಕೆಯ ಒಳಗೆ ಇಟ್ಟೆ.